ತಕಿಟ ಹೇಳಿಕೊಂಡು ತೈಕೊ ಬಾರಿಸಿದ್ದು

ಕಂಪ್ಯೂಟರಿನಲ್ಲಿ ಒಂದು ಲಯದ ಆಟ ಎಂಟು ತಿಂಗಳು ದಿನಾ ಆಡಿದರೂ ನನ್ನ ಆಕ್ಯುರೆಸಿ, ಅಂದರೆ ಏಟು ಎಷ್ಟು ನಿಖರ ಅನ್ನೋ ಶೇಕಡಾ ಲೆಕ್ಕ, 91 ದಾಟುತ್ತಿರಲಿಲ್ಲ. ನನ್ನ ಕೈಯೇ ನಿಧಾನ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ನೋಡಿದರೆ ಅರ್ಧ ತಪ್ಪು ಇಯರ್‌ಫೋನಿನದು.

ನಾನು ಆಡೋದು ಓಸು. ಡೀನ್ ಹರ್ಬರ್ಟ್ 2007ರಲ್ಲಿ ಬಿಟ್ಟ ಆಟ, ಇವತ್ತಿಗೂ ಪುಕ್ಕಟೆ. ಅದರಲ್ಲಿ ನಾಲ್ಕು ಬಗೆಯ ಆಟ ಇವೆ, ನನ್ನದು ತೈಕೊ, ಅಂದರೆ ಹಾಡಿನ ಲಯಕ್ಕೆ ಜಪಾನಿನ ಡೋಲು ಬಾರಿಸುವುದು. ಜಪಾನಿನ ಆರ್ಕೇಡ್‌ಗಳಲ್ಲಿ 2001ರಿಂದ ಇರುವ ನಾಮ್ಕೊ ಕಂಪನಿಯ ತೈಕೊ ನೋ ತತ್ಸುಜಿನ್ ಆಟದ ಜಾಡು ಹಿಡಿದದ್ದು. ಬಲಗಡೆಯಿಂದ ಎಡಕ್ಕೆ ಬೊಟ್ಟುಗಳು ಸಾಲಾಗಿ ಬರುತ್ತವೆ. ಕೆಂಪು ಬಂದರೆ ಡೋಲಿನ ನಡುವೆ ಏಟು, ಅದು 'ಡಾನ್'. ನೀಲಿ ಬಂದರೆ ಅಂಚಿಗೆ, ಅದು 'ಕಾ'. ಕೀಬೋರ್ಡಿನಲ್ಲಿ ಎಕ್ಸ್, ಸಿ ಎರಡೂ ಡಾನ್. ಅವುಗಳ ಆಚೀಚೆ ಇರುವ ಝಡ್, ವಿ ಎರಡೂ ಕಾ. ನಾಲ್ಕೇ ಕೀ, ನಾಲ್ಕೇ ಬೆರಳು. ನೋಡೋಕೆ ಮಕ್ಕಳಾಟ.

ನಾನು ಹಾಕಿಕೊಳ್ಳುತ್ತಿದ್ದದ್ದು ಬ್ಲೂಟೂತ್. ಅದರಲ್ಲಿ ಶಬ್ದ ಕಿವಿಗೆ ಬೀಳುವಷ್ಟರಲ್ಲಿ 100-200 ಮಿಲಿಸೆಕೆಂಡ್ ಕಳೆದಿರುತ್ತದೆ. ಸಿನಿಮಾ ನೋಡುವಾಗ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುವುದರಿಂದ ನಮಗೆ ಗೊತ್ತಾಗಲ್ಲ. ಆಟದಲ್ಲಿ ಆ ಅನುಕೂಲ ಇಲ್ಲ. ನಾನು ಆಡುವ ಮಟ್ಟದಲ್ಲಿ, ಅಂದರೆ ಓಡಿ 5ರಲ್ಲಿ (ಓಡಿ ಅಂದರೆ ಸಮಯದ ಲೆಕ್ಕ ಎಷ್ಟು ಬಿಗಿ ಅನ್ನೋ ಅಳತೆ), ಪೂರ್ತಿ ಅಂಕ ಬೇಕಿದ್ದರೆ ಏಟು 35 ಮಿಲಿಸೆಕೆಂಡ್ ಆಚೀಚೆಯೊಳಗೆ ಬೀಳಬೇಕು. ಕಿವಿ ನಂಬಿದರೆ ಸೋಲು ಖಚಿತ. ಹಾಗಾಗಿ ನನಗೇ ಗೊತ್ತಿಲ್ಲದೆ ಕಿವಿ ಬಿಟ್ಟು ಬರೀ ಕಣ್ಣಲ್ಲಿ ಆಡೋದು ಕಲಿತುಬಿಟ್ಟಿದ್ದೆ. ಲಯದ ಆಟವನ್ನ ಕಿವುಡನ ಹಾಗೆ ಆಡಿದ್ದು! ಎಸ್.ಪಿ. ರೋಡಿಗೆ ಹೋಗಿ 250 ರೂಪಾಯಿಯ ವೈರ್ ಇಯರ್‌ಫೋನ್ ತಂದೆ. ಮೊದಲ ವಾರ ಸ್ಕೋರು ಇನ್ನೂ ಕೆಳಗಿಳಿಯಿತು. ಕಣ್ಣಿನ ಚಟ ಬಿಡಬೇಕಿತ್ತಲ್ಲ.

ಆಮೇಲೆ ನೋಡೋಕೆ ಶುರುಮಾಡಿದ್ದು ಪರದೆಯ ಮೇಲಿನ ಎರರ್ ಬಾರ್. ಒಂದೊಂದು ಏಟಿಗೂ ಒಂದು ಗೀಟು ಬೀಳುತ್ತದೆ. ಎಡಕ್ಕೆ ಬಿದ್ದರೆ ಬೇಗ ಹೊಡೆದೆ, ಬಲಕ್ಕೆ ಬಿದ್ದರೆ ತಡ. ಗೀಟುಗಳೆಲ್ಲ ಒತ್ತಾಗಿ ಒಂದೇ ಪಕ್ಕ ಕೂತಿದ್ದರೆ ಚಿಂತೆಯಿಲ್ಲ, ಅದು ಆಫ್‌ಸೆಟ್ ಸಮಸ್ಯೆ, ಅಂದರೆ ಹಾಡು ಮತ್ತು ಬೊಟ್ಟುಗಳ ಸಮಯ ಹೊಂದದಿರುವುದು, ಸೆಟ್ಟಿಂಗಿನಲ್ಲೇ ಸರಿಯಾಗುತ್ತದೆ. ನನ್ನವು ಚೆಲ್ಲಿದ ಕಡಲೆ ಥರ ಇದ್ದವು. ಹೀಗೆ ಚೆಲ್ಲಾಡುವುದನ್ನ ಅಳೆಯುವ ಸಂಖ್ಯೆಗೆ ಅನ್‌ಸ್ಟೇಬಲ್ ರೇಟ್ ಅಂತಾರೆ, ಕಡಿಮೆ ಇದ್ದಷ್ಟೂ ಒಳ್ಳೇದು. ನನ್ನದು 220. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಇನ್ನೊಂದು ಗಮನಿಸಿದೆ. ಏಟುಗಳು ಒತ್ತೊತ್ತಾಗಿ ಬಂದ ಕಡೆಯಲ್ಲೆಲ್ಲ ಗೀಟು ಎಡಕ್ಕೇ ಓಡುತ್ತಿತ್ತು. ಗಾಬರಿಯಲ್ಲಿ ಮುಂದೆ ಓಡುತ್ತಿದ್ದೆ. ಇದನ್ನ ಹಿಂದೆ ಎಲ್ಲೋ ಕೇಳಿದ್ದೆ ಅನ್ನಿಸಿತು. ಎಂಟನೇ ಕ್ಲಾಸಿನವರೆಗೆ ನಾನು ಮೃದಂಗ ಕಲಿಯುತ್ತಿದ್ದೆ. "ಓಡಬೇಡ ಕಣೋ, ನಿನ್ನನ್ನ ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ" ಅಂತ ಮೇಷ್ಟ್ರು ದಿನಾ ಬೈಯುತ್ತಿದ್ದರು. ಹದಿನೈದು ವರ್ಷ ಆಗಿದೆ, ರೋಗ ಅದೇ.

ಸರಿ, ಔಷಧಿಯೂ ಅದೇ ಇರಲಿ ಅಂತ ಬಾಯಲ್ಲಿ ಮೃದಂಗದ ಸೊಲ್ಲು, ಅಂದರೆ ಏಟುಗಳ ಬಾಯಿಪಾಠ, ಹೇಳಿಕೊಂಡು ಆಡೋಕೆ ಶುರುಮಾಡಿದೆ. ನಿಮಿಷಕ್ಕೆ 160 ಬೀಟಿನ ಒಂದು ಹಾಡು ನನ್ನನ್ನ ತಿಂಗಳುಗಟ್ಟಲೆ ಸತಾಯಿಸಿತ್ತು. ಅದರಲ್ಲಿ ಒಂದು ಬೀಟಿಗೆ ನಾಲ್ಕು ಏಟಿನ ಸಾಲು ಬರುತ್ತದೆ, ಏಟಿಂದ ಏಟಿಗೆ ಸುಮಾರು 94 ಮಿಲಿಸೆಕೆಂಡ್. ಇದ್ದಕ್ಕಿದ್ದ ಹಾಗೆ ಬೀಟಿಗೆ ಮೂರೇ ಏಟು ಆಗುತ್ತದೆ, ಅಂತರ 125. ನನ್ನ ಕೈ ಹಳೇ ಓಟದಲ್ಲೇ ಹೋಗುತ್ತಿತ್ತು. ಲೆಕ್ಕ ಹಾಕಿ: ಎರಡನೇ ಏಟು 31 ಮಿಲಿಸೆಕೆಂಡ್ ಬೇಗ, ಹೇಗೋ ಪಾಸು. ಮೂರನೆಯದು 62 ಬೇಗ, ಅರ್ಧ ಅಂಕ. ಪ್ರತಿ ಸಲವೂ ಮೂರನೆಯದೇ ಕೆಡುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಮೃದಂಗದ ಭಾಷೆಯಲ್ಲಿ ಹೇಳಿದರೆ ಇದು ಚತುರಶ್ರದಿಂದ ತಿಶ್ರಕ್ಕೆ, ಅಂದರೆ ನಾಲ್ಕರ ಎಣಿಕೆಯಿಂದ ಮೂರರ ಎಣಿಕೆಗೆ, ಹೋಗೋದು, ಅಷ್ಟೇ. ಕೀಬೋರ್ಡ್ ಪಕ್ಕಕ್ಕಿಟ್ಟು ತೊಡೆ ಮೇಲೆ ತಾಳ ಹಾಕುತ್ತಾ ತಕಧಿಮಿ ತಕಧಿಮಿ, ತಕಿಟ ತಕಿಟ ಅಂತ ನೂರಾರು ಸಲ ಹೇಳಿದೆ. ತಾಳ ಅಲ್ಲಾಡಬಾರದು, ಸೊಲ್ಲು ಮಾತ್ರ ಬದಲಾಗಬೇಕು. ನಾಲ್ಕನೇ ದಿನಕ್ಕೆ ಕೈಗೆ ಬಂತು.

ತಕಿಟದಲ್ಲಿ ಇನ್ನೊಂದು ಚೇಷ್ಟೆ ಇದೆ. ನಾನು ಬಲಗೈ, ಎಡಗೈ ಒಂದಾದ ಮೇಲೊಂದು ಬಾರಿಸುವವನು. ಕೆಂಪು ಕೆಂಪು ನೀಲಿ ಬಂದರೆ ಬಲ, ಎಡ, ಬಲ. ಅದೇ ಮತ್ತೆ ಬಂದರೆ ಈಗ ಎಡ, ಬಲ, ಎಡ. ಮೂರರ ಗುಂಪು ಪ್ರತಿ ಸಲ ಕೈ ತಿರುಗಿಸುತ್ತದೆ. ನನ್ನ ಎಡಗೈ ಶುದ್ಧ ಸೋಮಾರಿ. ಹಾಗಾಗಿ ದಿನದ ಮೊದಲ ಹತ್ತು ನಿಮಿಷ ಎಲ್ಲಾ ಹಾಡನ್ನೂ ಎಡಗೈಯಿಂದಲೇ ಎತ್ತಿಕೊಳ್ಳುತ್ತೇನೆ. ಬೇಜಾರಿನ ಕೆಲಸ, ಆದರೆ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಆಟದಲ್ಲೇ ಇರುವ ಹಾಫ್ ಟೈಮ್ ಅನ್ನೋ ಆಯ್ಕೆ ಹಾಕಿ ಹಾಡನ್ನ ನಿಧಾನ ಮಾಡಿ ಕಲಿಯಿರಿ ಅಂತ ಜಾಸ್ತಿ ಜನ ಹೇಳುತ್ತಾರೆ. ವೇಗ ಮುಕ್ಕಾಲಿಗೆ ಇಳಿಯುತ್ತದೆ, ನಿಜ. ಆದರೆ ಜೊತೆಗೆ ಆ 35 ಮಿಲಿಸೆಕೆಂಡ್ ಸುಮಾರು 47 ಆಗುತ್ತದೆ. ಸಡಿಲ ಆಟಕ್ಕೂ ಒಳ್ಳೇ ಅಂಕ ಸಿಗುತ್ತದೆ. ಗೀಟು ನೋಡದೆ ಸುಮ್ನೆ ಸ್ಕೋರು ನೋಡಿ ಖುಷಿಪಟ್ಟರೆ ಮೋಸ ಹೋಗ್ತೀರಿ, ನಾನೂ ಹೋಗಿದ್ದೆ.

ನಡುವೆ ಒಂದು ತಿಂಗಳು ಮಣಿಕಟ್ಟು ನೋವು. ಕೀಯನ್ನ ಗುದ್ದುತ್ತಿದ್ದೆ, ಅದೇ ಕಾರಣ. ಎರಡು ವಾರ ಪೂರ್ತಿ ಬಿಟ್ಟೆ. ಈಗ ಎರಡು ಹಾಡಾದ ಮೇಲೆ ಕೈ ಜೋತುಬಿಟ್ಟು ಕೂರುತ್ತೇನೆ, ಒಂದು ಗಂಟೆಗಿಂತ ಜಾಸ್ತಿ ಆಡಲ್ಲ.

ಆ 160ರ ಹಾಡಿನಲ್ಲಿ ಈಗ 98 ಬರುತ್ತದೆ, ಅನ್‌ಸ್ಟೇಬಲ್ ರೇಟ್ 135ಕ್ಕೆ ಇಳಿದಿದೆ. 190ರ ಹಾಡುಗಳಲ್ಲಿ ಮಾತ್ರ ನಲವತ್ತು ಏಟಾಗುವಷ್ಟರಲ್ಲಿ ಎಡಗೈ ಕೈಕೊಡುತ್ತದೆ. ರೂಮ್‌ಮೇಟ್ ಕೇಳೋದೇ ಬೇರೆ. ರಾತ್ರಿ ಹನ್ನೊಂದಕ್ಕೆ ಕೀಬೋರ್ಡ್ ಕಟಕಟ ಹೇಗೋ ತಡೆದುಕೊಂಡೆ ಮಾರಾಯ, ಆ ತಕಿಟ ತಕಿಟವನ್ನಾದರೂ ಮನಸ್ಸಲ್ಲೇ ಹೇಳಿಕೊಳ್ಳೋಕೆ ಆಗಲ್ವಾ ಅಂತ.