ರೆಜಿಮೆಂಟ್ ಹಿಡಿದು ಜನರಲ್ ಬೇರ್ಡ್‌ನನ್ನು ಹುಡುಕಿದೆ

1799ರಲ್ಲಿ ಶ್ರೀರಂಗಪಟ್ಟಣಕ್ಕೆ ನುಗ್ಗಿದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಸೇವೆಯ ಜಾಡು ಬೇಕಾದರೆ ಯುದ್ಧಗಳ ಪಟ್ಟಿ ಹಿಡಿದು ಹೋಗು ಅಂತ ನಮ್ಮ ಇತಿಹಾಸದ ಗೆಳೆಯರು ಹೇಳುತ್ತಲೇ ಇದ್ದರು. ನಾನು ಅವನ ರೆಜಿಮೆಂಟ್, ಅಂದರೆ ಅವನಿದ್ದ ಸೇನಾ ತುಕಡಿ, ಹಿಡಿದೆ. ಆಗಲ್ಲ ಅಂದರು. ಆಯಿತು. ಬೇರ್ಡ್‌ನ ಇಡೀ ಸೇವೆ ಈಗ ನನ್ನ ಗೋಡೆಯ ಒಂದೇ ಹಾಳೆಯಲ್ಲಿದೆ.

ಮೊದಲ ಎರಡು ವರ್ಷ ಬರೀ ದಂಡ. 73ನೇ ಹೈಲ್ಯಾಂಡ್ ರೆಜಿಮೆಂಟಿನಲ್ಲಿ ಅವನನ್ನು ಹುಡುಕುತ್ತಿದ್ದೆ. 1786 ದಾಟಿದರೆ ಆಸಾಮಿ ಮಾಯ. ಇಬ್ಬರು ಬೇರ್ಡ್ ಇರಬೇಕು ಅಂದುಕೊಂಡು ಸ್ಕ್ಯಾನ್ ಪ್ರತಿ, ಹಳೇ ನಕ್ಷೆ ಅಂತ ಹದಿನೆಂಟು ಸಾವಿರದ ಹತ್ತಿರ ಸುರಿದೆ. ಬಂದ ನಕ್ಷೆ ಶ್ರೀರಂಗಪಟ್ಟಣದ 1792ರ ಮುತ್ತಿಗೆಯದ್ದು. ನನಗೆ ಬೇಕಿದ್ದದ್ದು 1799ರದ್ದು. ಆ ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಗೊತ್ತಾಯಿತು, 1786ರಲ್ಲಿ 73ನೇ ರೆಜಿಮೆಂಟಿಗೆ 71 ಅಂತ ನಂಬರು ಬಂದಿತ್ತು!

ಅಲ್ಲಿಂದ ಹಾಳೆ ತುಂಬತೊಡಗಿತು. ಒಂದು ಸಾಲು ಬಡ್ತಿ, ಒಂದು ಸಾಲು ಊರು, ಮೂರನೆಯದು ಜೊತೆಯವರ ಬಡ್ತಿ. ಈ ಮೂರನೇ ಸಾಲು ನನ್ನದೇ ಯೋಚನೆ. 1780ರಲ್ಲಿ ಕಂಚಿ ಹತ್ತಿರದ ಪುಳ್ಳಲೂರಿನಲ್ಲಿ ಹೈದರನ ಸೈನ್ಯಕ್ಕೆ ಸೆರೆ ಸಿಕ್ಕಿದ ಕ್ಯಾಪ್ಟನ್ ಬೇರ್ಡ್, ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಸಂಕೋಲೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ಮೇಜರ್ ಜನರಲ್ ಆಗಿ ನುಗ್ಗಿದ. ಆದರೆ ಕೋಟೆ ಬಿದ್ದ ಬೆನ್ನಲ್ಲೇ ಊರಿನ ಅಧಿಕಾರ ಸಿಕ್ಕಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ಅವನು ಗವರ್ನರ್ ಜನರಲ್‌ನ ತಮ್ಮ. ಬೇರ್ಡ್‌ಗೆ ಎಷ್ಟು ಉರಿದಿರಬೇಡ, ಅಲ್ವಾ? ಯುದ್ಧಗಳ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಸುಮ್ನೆ ಕುತೂಹಲಕ್ಕೆ ಒಂದು ಮೇ ತಿಂಗಳು, ಮಧ್ಯಾಹ್ನ ಒಂದು ಗಂಟೆಗೆ, ಗೋಡೆ ಒಡೆದ ಜಾಗದ ಎದುರು ಕಾವೇರಿಗೆ ಇಳಿದೆ. ಬೇರ್ಡ್‌ನ ಸೈನಿಕರು ನುಗ್ಗಿದ್ದೂ ಅದೇ ಹೊತ್ತಿಗೆ, ಮಳೆಗೆ ಮುಂಚೆ ನೀರು ಕಡಿಮೆ ಇದ್ದಾಗ. ನನಗೆ ಮೊಣಕಾಲುದ್ದ ನೀರು, ಪಾಚಿಗಟ್ಟಿದ ಬಂಡೆ. ಎರಡು ಸಲ ಜಾರಿದೆ. ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಅವರು ಏಳು ನಿಮಿಷದ ಆಸುಪಾಸಿನಲ್ಲಿ ಗೋಡೆಯ ಮೇಲೆ ಬಾವುಟ ನೆಟ್ಟರಂತೆ, ಅದೂ ಗುಂಡುಗಳ ನಡುವೆ.

1801ರ ಈಜಿಪ್ಟ್, 1806ರ ದಕ್ಷಿಣ ಆಫ್ರಿಕಾದ ಕೇಪ್, 1809ರಲ್ಲಿ ಸ್ಪೇನಿನ ಕೊರುನ್ನಾದಲ್ಲಿ ಎಡಗೈ ಹೋದದ್ದು, ಇವು ಸಲೀಸಾಗಿ ಕೂತವು. ಹೆಸರಿನ ಬೇರೆ ಬೇರೆ ಸ್ಪೆಲ್ಲಿಂಗ್ ಹೇಗೆ ಹಿಡಿದೆ ಅನ್ನೋದನ್ನು ಮಾತ್ರ ಈಗ ಹೇಳಲ್ಲ. ಅದೇ ಹಾಳೆಯ ಕೆಳಗೆ 1799ರ ಮುತ್ತಿಗೆಯ ಬ್ರಿಟಿಷ್ ದಂಡನಾಯಕ ಜನರಲ್ ಹ್ಯಾರಿಸ್‌ನ ಸಾಲು ಎಳೆಯುತ್ತಿದ್ದೇನೆ, ಅದು ಮುಗಿಯಲಿ.