ಭಾಷಾಪಾಠದ ಪಾರಿಭಾಷಿಕ ಪದಗಳನ್ನು ಮಕ್ಕಳಿಗೆ ಕಲಿಸುವ ಬಗೆ

‘ಈ ವಾಕ್ಯದಲ್ಲಿರುವ ಕ್ರಿಯಾಪದವನ್ನು ಗುರುತಿಸು’ ಎಂದಾಗ ಮಗು ಸುಮ್ಮನೆ ಕುಳಿತರೆ, ಅದಕ್ಕೆ ವಾಕ್ಯ ಅರ್ಥವಾಗಿಲ್ಲವೆಂದು ತಿಳಿಯಬೇಕಾಗಿಲ್ಲ. ಎಷ್ಟೋ ಸಲ ಅದಕ್ಕೆ ತಿಳಿಯದಿರುವುದು ಪ್ರಶ್ನೆಯೊಳಗಿನ ಪದವೇ. ನಾಮಪದ, ಒತ್ತಕ್ಷರ, ವಿರುದ್ಧಾರ್ಥಕ, ಮುಖ್ಯ ವಿಚಾರ, ಸಾರಾಂಶ, ಕರಡು ಮುಂತಾದ ಪದಗಳು ಭಾಷೆಯ ಬಗ್ಗೆಯೇ ಮಾತನಾಡಲು ಬೇಕಾದವು. ಇವುಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಮಗು ಅದನ್ನು ಒಪ್ಪಿಸುತ್ತದೆಯೇ ಹೊರತು ಬಳಸುವುದಿಲ್ಲ. ಆದ್ದರಿಂದ ಮೊದಲು ಉದಾಹರಣೆಗಳನ್ನು ಮುಂದಿಟ್ಟು, ಅವುಗಳಲ್ಲಿ ಸಮಾನವಾಗಿರುವುದನ್ನು ಮಗುವೇ ಕಂಡುಕೊಂಡ ಮೇಲೆ ಅದಕ್ಕೊಂದು ಹೆಸರಿದೆ ಎಂದು ಹೇಳುವುದು ಸರಿಯಾದ ಕ್ರಮ.

ಒತ್ತಕ್ಷರವನ್ನೇ ನೋಡೋಣ. ‘ಅಕ್ಕ, ಅಮ್ಮ, ಹಣ್ಣು’ ಎಂದು ಒಂದು ಸಾಲಿನಲ್ಲಿ, ‘ಪುಸ್ತಕ, ಚಂದ್ರ, ಭಕ್ತ’ ಎಂದು ಇನ್ನೊಂದು ಸಾಲಿನಲ್ಲಿ ಬರೆದು, ಎರಡೂ ಸಾಲುಗಳಿಗಿರುವ ವ್ಯತ್ಯಾಸವೇನೆಂದು ಕೇಳಿ. ಮೊದಲ ಸಾಲಿನಲ್ಲಿ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದಿದೆ, ಎರಡನೆಯದರಲ್ಲಿ ಬೇರೆ ಅಕ್ಷರದ ಒತ್ತು ಬಂದಿದೆ ಎಂದು ಮಕ್ಕಳು ಬೇಗ ಹೇಳುತ್ತಾರೆ. ಆಗ ‘ಸಜಾತೀಯ’, ‘ವಿಜಾತೀಯ’ ಎಂಬ ಹೆಸರುಗಳನ್ನು ಕೊಟ್ಟರೆ ಅವು ಕಂಡ ವಸ್ತುವಿಗೆ ಅಂಟಿಕೊಳ್ಳುತ್ತವೆ. ಪದವನ್ನು ಬಿಡಿಸಿ ತೋರಿಸುವುದೂ ಒಳ್ಳೆಯದು: ‘ನಾಮ’ ಎಂದರೆ ಹೆಸರು, ‘ಏಕ’ ಎಂದರೆ ಒಂದು, ‘ಬಹು’ ಎಂದರೆ ಹಲವು ಎಂದು ತಿಳಿದ ಮಗು ನಾಮಪದ, ಏಕವಚನ, ಬಹುವಚನಗಳ ಅರ್ಥವನ್ನು ತಾನೇ ಊಹಿಸಬಲ್ಲದು.

ಹೆಚ್ಚು ಸಮಯ ಕೊಡಬೇಕಾದದ್ದು ಉದಾಹರಣೆಯಂತೆ ಕಂಡರೂ ಉದಾಹರಣೆಯಲ್ಲದ ಪದಗಳಿಗೆ. ‘ಕೆಲಸವನ್ನು ತಿಳಿಸುವ ಪದ ಕ್ರಿಯಾಪದ’ ಎಂದು ಕಲಿತ ಮಗು ‘ಅವಳ ಓಟ ಚೆನ್ನಾಗಿತ್ತು’ ಎಂಬ ವಾಕ್ಯದಲ್ಲಿ ‘ಓಟ’ಕ್ಕೆ ಅಡಿಗೆರೆ ಹಾಕುತ್ತದೆ. ಇದನ್ನು ತಪ್ಪೆಂದು ಹೊಡೆದುಹಾಕಿ ಮುಂದೆ ಹೋಗಬಾರದು. ತಾನು ಕಲಿತ ವ್ಯಾಖ್ಯೆಯನ್ನು ಅದು ನಿಷ್ಠೆಯಿಂದಲೇ ಪಾಲಿಸಿದೆ, ಸಾಲದೆ ಹೋದದ್ದು ವ್ಯಾಖ್ಯೆ. ‘ಓಟ’, ‘ಓಡಿದಳು’ ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯಿರಿ. ಓಟವನ್ನು, ಓಟದಿಂದ, ಓಟದಲ್ಲಿ ಎಂದು ವಿಭಕ್ತಿ ಪ್ರತ್ಯಯಗಳು ಮೊದಲನೆಯದಕ್ಕೆ ಸೇರುತ್ತವೆ; ‘ಓಡಿದಳನ್ನು’ ಎಂದು ಯಾರೂ ಹೇಳುವುದಿಲ್ಲ. ‘ಓಡಿದಳು’ ಎಂಬುದು ಓಡುತ್ತಾಳೆ, ಓಡುವಳು ಎಂದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ‘ಓಟ’ ಬದಲಾಗುವುದಿಲ್ಲ. ಈ ಎರಡು ಪರೀಕ್ಷೆಗಳನ್ನು ‘ಆಟ–ಆಡಿದನು’, ‘ನೋಟ–ನೋಡಿದರು’ ಎಂಬ ಜೋಡಿಗಳ ಮೇಲೆ ಮಕ್ಕಳೇ ಮಾಡಿ ನೋಡಲಿ. ಕ್ರಿಯಾಪದದ ವ್ಯಾಖ್ಯೆಯನ್ನು ಹತ್ತು ಸಲ ಬರೆಸುವುದಕ್ಕಿಂತ ಈ ಹತ್ತು ನಿಮಿಷಗಳ ಕೆಲಸ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಕೆಲಸಕ್ಕೆ ಫ್ರೇಯರ್ ಮಾದರಿ ಎಂಬ ನಾಲ್ಕು ಮನೆಗಳ ಚೌಕ ಚೆನ್ನಾಗಿ ಒದಗುತ್ತದೆ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊರೊಥಿ ಫ್ರೇಯರ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಈ ಮಾದರಿಯಲ್ಲಿ ಪದವನ್ನು ನಡುವೆ ಬರೆದು, ಸುತ್ತಲಿನ ಮನೆಗಳಲ್ಲಿ ವ್ಯಾಖ್ಯೆ, ಲಕ್ಷಣಗಳು, ಉದಾಹರಣೆಗಳು ಹಾಗೂ ಉದಾಹರಣೆಯಲ್ಲದವುಗಳನ್ನು ತುಂಬಿಸಲಾಗುತ್ತದೆ. ವ್ಯಾಖ್ಯೆಯ ಮನೆಯನ್ನು ಕೊನೆಯಲ್ಲಿ, ಮಗುವಿನ ಸ್ವಂತ ಮಾತಿನಲ್ಲೇ ತುಂಬಿಸಿ.

ಓದಿಗೆ ಸಂಬಂಧಿಸಿದ ಪದಗಳಲ್ಲಿ ‘ವಿಷಯ’ ಮತ್ತು ‘ಮುಖ್ಯ ವಿಚಾರ’ ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಈ ಮೂರು ವಾಕ್ಯಗಳನ್ನು ಓದಿಸಿ: ‘ಇರುವೆಗಳು ಸಾಲಾಗಿ ಹೋಗುತ್ತವೆ. ಆಹಾರ ಕಂಡ ಇರುವೆ ಗೂಡಿಗೆ ಮರಳುವಾಗ ದಾರಿಯಲ್ಲಿ ವಾಸನೆಯ ಗುರುತು ಬಿಡುತ್ತದೆ. ಉಳಿದವು ಆ ವಾಸನೆ ಹಿಡಿದು ನಡೆಯುತ್ತವೆ.’ ವಿಷಯ ಯಾವುದೆಂದರೆ ‘ಇರುವೆ’ ಎಂದು ಒಂದೇ ಪದದಲ್ಲಿ ಹೇಳಬಹುದು. ಮುಖ್ಯ ವಿಚಾರವನ್ನು ಹಾಗೆ ಹೇಳಲಾಗದು. ‘ಇರುವೆಗಳು ವಾಸನೆಯ ಜಾಡು ಹಿಡಿದು ಸಾಲಾಗಿ ಸಾಗುತ್ತವೆ’ ಎಂದು ಪೂರ್ಣ ವಾಕ್ಯವೇ ಬೇಕು. ಬರಹದ ಕಡೆ ಕರಡು, ತಿದ್ದುಪಡಿ, ಲೇಖನ ಚಿಹ್ನೆಗಳಂಥ ಪದಗಳಿಗೆ ಪ್ರತ್ಯೇಕ ಪಾಠ ಬೇಕಾಗುವುದಿಲ್ಲ; ಮಗು ಬರೆಯುತ್ತಿರುವಾಗಲೇ ಆ ಕೆಲಸವನ್ನು ಆ ಹೆಸರಿನಿಂದ ಕರೆಯುತ್ತಾ ಹೋದರೆ ಸಾಕು.

ವಾರಕ್ಕೆ ಮೂರು ನಾಲ್ಕು ಹೊಸ ಪದಗಳಿಗಿಂತ ಹೆಚ್ಚು ಬೇಡ. ಕಲಿತದ್ದರ ಮರೆವು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ್ದರು. ಹೀಗಾಗಿ ಇಂದು ಕಲಿಸಿದ ಪದವನ್ನು ನಾಳೆ, ಮೂರು ದಿನಗಳ ನಂತರ, ವಾರದ ನಂತರ, ಮತ್ತೆ ತಿಂಗಳ ನಂತರ ಕೇಳಬೇಕು. ಕೇಳುವಾಗ ‘ನಾಮಪದ ಎಂದರೇನು’ ಎನ್ನದೆ, ಹಿಂದಿನ ದಿನ ಮಗು ತಾನೇ ಬರೆದ ಪುಟವನ್ನು ಕೈಗೆ ಕೊಟ್ಟು, ಅದರಲ್ಲಿ ಮೂರು ನಾಮಪದಗಳಿಗೆ ಅಡಿಗೆರೆ ಹಾಕಿಸಿ, ಅವು ನಾಮಪದಗಳೆಂದು ಹೇಗೆ ಗೊತ್ತಾಯಿತೆಂದು ವಿಚಾರಿಸಿ.