ಹಳೆಯ ಇಂಗ್ಲಿಷ್ ಬಂಗಲೆಯ ಕಾಲ ಗುರುತಿಸಲು ಹಿಂಗೋಡೆಯಿಂದ ಶುರು ಮಾಡಿ

ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳ ಮುಂಭಾಗ ನೋಡಿ ಕಾಲ ನಿರ್ಧರಿಸಬೇಡಿ. ಹೊಸ ಶೈಲಿ ಬಂದಾಗ ಮಾಲೀಕರು ಮೊದಲು ಬದಲಿಸುತ್ತಿದ್ದದ್ದು ಅತಿಥಿಗಳು ಬಂದಿಳಿಯುವ ಕಡೆಯನ್ನೇ. ನಾರ್ಥಾಂಪ್ಟನ್‌ಶೈರ್‌ನ ಆಲ್ಥಾರ್ಪ್‌ನಲ್ಲಿ ಕೆಂಪು ಇಟ್ಟಿಗೆಯ ಹಳೆಯ ಮನೆಗೆ 1780ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್, ಇಟ್ಟಿಗೆಯಂತೆಯೇ ಕಾಣುವ ಬಿಳಿ ಹೆಂಚು ಹೊದಿಸಿದ. ಹಿಂಗೋಡೆ, ಚಿಮ್ನಿಗಳಿಗೆ ಇಂಥ ಉಪಚಾರ ಸಿಗುವುದು ಕಡಿಮೆ.

ಅಳತೆ ಟೇಪು, ಟಾರ್ಚು, ದುರ್ಬೀನು ಸಾಕು.

ಮೊದಲು ಇಟ್ಟಿಗೆ. ಒಂದನ್ನು ಅಳೆದರೆ ಮೋಸ ಹೋಗುತ್ತೀರಿ, ಸುಟ್ಟ ಗೂಡು ಬದಲಾದಂತೆ ಗಾತ್ರವೂ ಬದಲಾಗುತ್ತದೆ. ಹತ್ತರ ದಪ್ಪ ಅಳೆದು ಸರಾಸರಿ ತೆಗೆಯಿರಿ. ಟ್ಯೂಡರ್ ಕಾಲದವು (1485ರಿಂದ 1603) ಸಾಮಾನ್ಯವಾಗಿ 50ರಿಂದ 57 ಮಿ.ಮೀ. ದಪ್ಪ. 1784ರಲ್ಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ತೆರಿಗೆ ಬಿತ್ತು, ಎಣಿಕೆ ತಗ್ಗಿಸಲು ಕೆಲವರು ದೊಡ್ಡ ಇಟ್ಟಿಗೆ ಸುಡತೊಡಗಿದರು. ತೆರಿಗೆ ರದ್ದಾದದ್ದು 1850ರಲ್ಲಿ.

ಜೋಡಣೆಯನ್ನೂ ಗಮನಿಸಿ. ಒಂದು ಸಾಲು ಪೂರ್ತಿ ಉದ್ದ ಮೈ, ಮುಂದಿನ ಸಾಲು ಪೂರ್ತಿ ತುದಿ ಕಂಡರೆ ಇಂಗ್ಲಿಷ್ ಬಾಂಡ್. ಒಂದೇ ಸಾಲಿನಲ್ಲಿ ಎರಡೂ ಸರದಿಯಂತೆ ಬಂದರೆ ಫ್ಲೆಮಿಷ್ ಬಾಂಡ್. ಲಂಡನ್ನಿನಲ್ಲಿರುವ 1631ರ ಕ್ಯೂ ಅರಮನೆ ಇದರ ಮೊದಮೊದಲ ಉದಾಹರಣೆಗಳಲ್ಲೊಂದು. ಆದರೆ ಹಳೆಯ ಇಟ್ಟಿಗೆ ಕಿತ್ತು ಮತ್ತೆ ಕಟ್ಟುವುದು ಮಾಮೂಲಿಯಾಗಿತ್ತು. ಇಟ್ಟಿಗೆಯೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಕಿಟಕಿಗಳು ಇನ್ನಷ್ಟು ಹೇಳುತ್ತವೆ. ಮೇಲೆ ಕೆಳಗೆ ಸರಿಯುವ ಸ್ಯಾಶ್ ಕಿಟಕಿ ಬಳಕೆಗೆ ಬಂದದ್ದು 17ನೇ ಶತಮಾನದ ಕೊನೆಯಲ್ಲಿ. ಚೌಕಟ್ಟು ಗೋಡೆಯ ಮೈಗೆ ಸಮನಾಗಿದ್ದರೆ ಅದು ಹಳೆಯ ಪದ್ಧತಿ. ಬೆಂಕಿ ಹರಡದಿರಲೆಂದು ಲಂಡನ್ನಿನ 1709ರ ಕಾಯ್ದೆ ಅದನ್ನು ನಾಲ್ಕು ಇಂಚು ಒಳಗೆ ಸರಿಸಿತು. 1774ರದ್ದು ಇಟ್ಟಿಗೆಯ ಹಿಂದೆ ಅಡಗಿಸಿತು. ಹಳ್ಳಿಗಾಡಿಗೆ ಕಾಯ್ದೆ ಅನ್ವಯಿಸಲಿಲ್ಲ, ರೂಢಿ ಮಾತ್ರ ನಿಧಾನವಾಗಿ ತಲುಪಿತು. ಇನ್ನು ಮೇಲಿನ ಸ್ಯಾಶ್‌ನ ಎರಡೂ ಬದಿಯ ಪಟ್ಟಿ ಕೆಳಗೆ ಚಿಕ್ಕ ಕೊಂಬಿನಂತೆ ಇಳಿದಿದೆಯೇ ನೋಡಿ. ದೊಡ್ಡ, ಭಾರದ ಗಾಜು ಬಂದಾಗ ಕೀಲು ಬಿಟ್ಟುಕೊಳ್ಳದಿರಲೆಂದು 19ನೇ ಶತಮಾನದಲ್ಲಿ ಮಾಡಿದ ಏರ್ಪಾಡು ಅದು. 1750ರದೆನ್ನುವ ಕಿಟಕಿಯಲ್ಲಿ ಕೊಂಬಿದ್ದರೆ ಆ ಸ್ಯಾಶ್ ಆಮೇಲೆ ಹಾಕಿದ್ದು. ಗಾಜಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ: ಬಿಲ್ಲಿನಂತೆ ಬಾಗಿದ ನಸುಅಲೆಗಳು ಕಂಡರೆ, ತಿರುಗಿಸಿ ತಟ್ಟೆಯಾಗಿಸಿ ಕತ್ತರಿಸಿದ ಕ್ರೌನ್ ಗಾಜು. ಅದು ಅಪರೂಪದ್ದು, ಒಡೆಯದಂತೆ ಉಳಿಸಿಕೊಳ್ಳಬೇಕಾದದ್ದು.

ಮುಚ್ಚಿದ ಕಿಟಕಿಗಳನ್ನೆಲ್ಲ 1696ರ ಕಿಟಕಿ ತೆರಿಗೆಯ ಲೆಕ್ಕಕ್ಕೆ ಬರೆಯುವುದು ದೊಡ್ಡ ತಪ್ಪು. ಎಡಬಲ ಸಮವಾಗಿ ಕಾಣಲೆಂದು ಮೊದಲೇ ಕುರುಡಾಗಿ ಕಟ್ಟಿದವೂ ಬಹಳ. ತುಂಬಿದ ಇಟ್ಟಿಗೆ ಅಂಚಿನ ಇಟ್ಟಿಗೆಯೊಂದಿಗೆ ಹಲ್ಲುಹಲ್ಲಾಗಿ ಹೆಣೆದುಕೊಂಡಿದ್ದರೆ ಕಟ್ಟುವಾಗಲೇ ಮುಚ್ಚಿದ್ದಿರಬಹುದು. ಮೇಲಿಂದ ಕೆಳಗೆ ನೇರ ಬಿರುಕಿನಂಥ ಗೆರೆ ಕಂಡರೆ, ಸಾಮಾನ್ಯವಾಗಿ ಆಮೇಲೆ ತುಂಬಿದ್ದು.

ಸಂಶಯ ಬಂದರೂ ಗಾರೆ ಕೆರೆಯಬೇಡಿ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಅದರ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು 1990ರ ಕಾಯ್ದೆಯಡಿ ಅಪರಾಧ. ಫೋಟೊ ತೆಗೆದು, ಪ್ರತಿ ಗೋಡೆಯ ಕಾಲವನ್ನು ಬೇರೆಬೇರೆಯಾಗಿ ಬರೆದಿಡಿ.